ಅಮ್ಮನ ಸ್ಟ್ರಿಪ್‌ನಲ್ಲಿ ಉಳಿದ ನಾಲ್ಕು ಮಾತ್ರೆ

ನಿನ್ನೆ ಸಂಜೆ ಪಕ್ಕದ ಫ್ಲ್ಯಾಟಿನ ಮಾಮ ಬಂದರು. "ಸೊಂಟ ಹಿಡ್ಕೊಂಡಿದೆ ಮಾರಾಯ್ತಿ. ಅಮ್ಮನ ಆಪರೇಷನ್ ಆದಾಗ ತಂದಿದ್ಯಲ್ಲ, ಆ ಸ್ಟ್ರಾಂಗ್ ಮಾತ್ರೆ ಉಳಿದಿದ್ರೆ ಎರಡು ಕೊಡು" ಅಂದರು. ಇದೆ, ಆದ್ರೆ ಕೊಡಲ್ಲ ಮಾಮ ಅಂದೆ. ಅವರ ಮುಖ ಸಣ್ಣದಾಯಿತು. ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಸಕ್ಕರೆ, ಕಾಫಿಪುಡಿ, ಮಾತ್ರೆ ಎಲ್ಲವೂ ಬಾಗಿಲಿಂದ ಬಾಗಿಲಿಗೆ ಓಡಾಡುತ್ತವೆ. ಅವರಿಗೆ ಬೇಜಾರಾದದ್ದು ಸಹಜ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಅಮ್ಮನ ಮೊಣಕಾಲಿನ ಕೀಲು ಬದಲಿಸಿದರು. ಮನೆಗೆ ಕಳಿಸುವಾಗ ಟ್ರಮಡಾಲ್, ಪ್ಯಾರಸಿಟಮಾಲ್ ಸೇರಿದ ಮಾತ್ರೆ ಬರೆದುಕೊಟ್ಟರು. ಎಷ್ಟು ದಿನ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಮ್ಮ ಮೊದಲಿನಿಂದಲೂ ರಾತ್ರಿ ಒಂದು ನಿದ್ರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಡಾಕ್ಟರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಕಾಫಿ ಹಿಡಿದು ಕರೆದರೆ ಅಮ್ಮ ಏಳಲಿಲ್ಲ. ಭುಜ ಅಲುಗಿಸಿದೆ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದರು. ಹೊದಿಕೆ ಮೇಲೇಳುತ್ತಿದೆಯಾ ಅಂತ ನೋಡುತ್ತಾ ನಿಂತೆ. ಒಂದು ಉಸಿರು. ಆಮೇಲೆ ತುಂಬಾ ಹೊತ್ತು ಬಿಟ್ಟು ಇನ್ನೊಂದು. ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ಆಂಬುಲೆನ್ಸ್ ಬಂತು, ಅಮ್ಮ ಉಳಿದರು.

ಟ್ರಮಡಾಲ್, ಟಪೆಂಟಡಾಲ್, ಕೋಡೀನ್, ಮಾರ್ಫಿನ್ ಎಲ್ಲ ಒಂದೇ ಜಾತಿ. ಓಪಿಯಾಯ್ಡ್ ಅಂತಾರೆ. ನೋವಿನ ಜೊತೆ ಉಸಿರನ್ನೂ ತಗ್ಗಿಸುತ್ತವೆ. ನಿದ್ರೆ ಮಾತ್ರೆಯೋ ಹೆಂಡವೋ ಸೇರಿದರೆ ಅಪಾಯ ಇನ್ನೂ ಜಾಸ್ತಿ. ಫಿಟ್ಸ್ ಇರುವವರಿಗೆ ಟ್ರಮಡಾಲ್ ಬೇರೆಯೇ ಅಪಾಯ. 2018ರಲ್ಲಿ ಸರ್ಕಾರ ಅದನ್ನು ಮಾದಕವಸ್ತು ಕಾನೂನಿನಡಿ ತಂದದ್ದು ಸುಮ್ನೆ ಅಲ್ಲ. ಮತ್ತೆ, ಅಮ್ಮನ ಮಾತ್ರೆಯೊಳಗೆ ಪ್ಯಾರಸಿಟಮಾಲ್ ಆಗಲೇ ಇತ್ತು. ಜ್ವರದ ಮಾತ್ರೆಯಲ್ಲೂ ಸಾಮಾನ್ಯವಾಗಿ ಅದೇ ಇರುತ್ತದೆ. ಎರಡೂ ಸೇರಿ ಮಿತಿ ಮೀರಿದರೆ ಲಿವರ್‌ಗೆ ಏಟು.

ಆಮೇಲೆ ಅಮ್ಮ ಬರೀ ಪ್ಯಾರಸಿಟಮಾಲ್ ಮೇಲಿದ್ದರು, ಗಡಿಯಾರ ನೋಡಿ ಕೊಡುತ್ತಿದ್ದೆ. ಟವೆಲ್‌ನಲ್ಲಿ ಸುತ್ತಿದ ಐಸ್, ದಿನಾ ಫಿಸಿಯೋ. ನೋವು ಇತ್ತು, ಇಲ್ಲ ಅನ್ನಲ್ಲ. ಕಾಲು ಮಡಿಸುವಾಗ ನನ್ನ ಕೈ ಹಿಂಡುತ್ತಿದ್ದರು. ಆದರೆ ನಡೆದಷ್ಟೂ ಕಮ್ಮಿಯಾಯಿತು. ಬ್ರೂಫೆನ್‌ನಂಥ ನೋವಿನ ಮಾತ್ರೆ ಕೆಲವರಿಗೆ ಆಗುತ್ತದೆ. ಅಮ್ಮನಿಗೆ ಕಿಡ್ನಿ ತೊಂದರೆ ಇದ್ದದ್ದಕ್ಕೆ ಡಾಕ್ಟರ್ ಬೇಡ ಅಂದರು.

ಇದನ್ನು ಓದಿ ಮಾರ್ಫಿನ್ ಅಂದರೆ ವಿಷ ಅಂದುಕೊಳ್ಳಬೇಡಿ. ನನ್ನ ದೊಡ್ಡಮ್ಮನಿಗೆ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಪರೇಲ್‌ನ ಟಾಟಾ ಆಸ್ಪತ್ರೆಯಲ್ಲಿ ಮಾರ್ಫಿನ್ ಬರೆದುಕೊಟ್ಟರು, ಮಲಬದ್ಧತೆ ಆಗುತ್ತದೆ ಅಂತ ಅದಕ್ಕೂ ಔಷಧಿ ಕೊಟ್ಟರು. ನಾವೇ ಚಟ ಹಿಡಿದೀತು ಅಂತ ಹೆದರಿ ಹೊತ್ತು ತಪ್ಪಿಸಿ ಕೊಟ್ಟೆವು. ಆ ರಾತ್ರಿಗಳಲ್ಲಿ ದೊಡ್ಡಮ್ಮ ಹಲ್ಲು ಕಚ್ಚಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಡಾಕ್ಟರ್ ಬರೆದುಕೊಟ್ಟರೆ ಕೇಳಿ: ಎಷ್ಟು ದಿನ? ನನ್ನ ಬೇರೆ ಮಾತ್ರೆಗಳ ಜೊತೆ ಆಗುತ್ತಾ? ನಿಲ್ಲಿಸುವುದು ಹೇಗೆ? ವಾರಗಟ್ಟಲೆ ತೆಗೆದುಕೊಂಡಿದ್ದರೆ ದಿಢೀರ್ ಅಂತ ಬಿಡಬಾರದು, ಅವರು ಹೇಳಿದಂತೆ ಇಳಿಸುತ್ತಾ ಬರಬೇಕು.

ಮಾಮನಿಗೆ ಬಿಸಿನೀರಿನ ಬ್ಯಾಗ್ ಕೊಟ್ಟು ಬಂದೆ. ನಾಳೆ ಹತ್ತು ಗಂಟೆಗೆ ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಉಳಿದ ಆ ನಾಲ್ಕು ಮಾತ್ರೆಗಳೂ ಪರ್ಸಿನಲ್ಲಿವೆ. ಎಲ್ಲಿ, ಹೇಗೆ ಎಸೆಯಬೇಕು ಅಂತ ಡಾಕ್ಟರನ್ನೇ ಕೇಳುತ್ತೇನೆ.