ಮೂರು ಮಾತ್ರೆಯ ಹಾಡು, ನಾಲ್ಕು ಮಾತ್ರೆಯ ಕೂಗು

ಶಿಕಾಗೊದ ಬೇಸ್‌ಬಾಲ್ ಮೈದಾನ ರಿಗ್ಲಿ ಫೀಲ್ಡ್‌ನಲ್ಲಿ ಏಳನೇ ಇನಿಂಗ್ಸಿನ ಮೊದಲರ್ಧ ಮುಗಿದದ್ದೇ ತಡ, ಗ್ಯಾಲರಿಯೆಲ್ಲ ಎದ್ದು ನಿಂತು ‘ಟೇಕ್ ಮಿ ಔಟ್ ಟು ದ ಬಾಲ್ ಗೇಮ್’ ಹಾಡುತ್ತೆ. 1908ರ ಹಾಡು. ಕೇಟಿ ಕೇಸಿ ಎಂಬ ಬೇಸ್‌ಬಾಲ್ ಹುಚ್ಚಿನ ಹುಡುಗಿಯ ಕಥೆ ಹೇಳೋ ಚರಣಗಳೂ ಅದರಲ್ಲಿವೆ. ಅವನ್ನು ಯಾರೂ ಹಾಡಲ್ಲ, ಪಲ್ಲವಿಯೊಂದೇ ಸಾಕು.

ಆ ಪಲ್ಲವಿಯ ಕಟ್ಟೋಣ ನೋಡಿ. ಮೂರು ಮಾತ್ರೆಯ ನಡೆ, ನಮ್ಮ ಉತ್ಸಾಹ ರಗಳೆಯ ಗಣದ ಹಾಗೆ. ಶುರುವಿಗೇ ಷಡ್ಜದಿಂದ ತಾರಷಡ್ಜಕ್ಕೆ, ಅಂದರೆ ಕೆಳಗಿನ ‘ಸ’ದಿಂದ ಮೇಲಿನ ‘ಸ’ಕ್ಕೆ ಹಾರುತ್ತೆ, ಹಾಗಾಗಿ ಶ್ರುತಿ ಮೇಲೆ ಹಿಡಿದವರು ಎರಡನೇ ಸಾಲಿಗೇ ಕಿರುಚಬೇಕಾಗುತ್ತೆ. ಕೊನೆಯಲ್ಲಿ ‘ಒನ್, ಟು, ತ್ರೀ’ ಅಂತ ಬೆರಳೆತ್ತಿ ಎಣಿಸೋದು, ಅಲ್ಲಿ ಬೇಸುರದವನಿಗೂ ಪಾಲುಂಟು. ನಡುವೆ ‘ಹೋಮ್ ಟೀಮ್’ ಅನ್ನೋ ಜಾಗಕ್ಕೆ ಆಯಾ ಊರಿನವರು ತಮ್ಮ ತಂಡದ ಹೆಸರು ಕೂರಿಸ್ಕೋತಾರೆ. ಶಿಕಾಗೊದಲ್ಲಿ ಅದು ‘ಕಬ್ಬೀಸ್’, ಅಲ್ಲಿನ ಕಬ್ಸ್ ತಂಡದ ಮುದ್ದಿನ ಹೆಸರು. ಕಾಮೆಂಟೇಟರ್ ಹ್ಯಾರಿ ಕ್ಯಾರಿ ಮೈಕ್ ಹಿಡಿದು ಕಿಟಕಿಯಿಂದ ಬಾಗಿ ಹಾಡಿಸುತ್ತಿದ್ದ. ಅವನದೇನೂ ಒಳ್ಳೆ ಕಂಠವಲ್ಲ, ಜನ ಜೊತೆಗೂಡಿದ್ದೇ ಅದಕ್ಕೆ.

ನಮ್ಮ ಐಪಿಎಲ್ ಹಾಡುಗಳು ಎಡವೋದು ಇಲ್ಲೇ. ಸ್ಟುಡಿಯೊದಲ್ಲಿ ಕೇಳೋಕೆ ಚೆನ್ನ, ಮೈದಾನದಲ್ಲಿ ಹಾಡೋಕಾಗಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 150 ಮೀಟರ್ ಆಚೆಯ ಸ್ಟ್ಯಾಂಡಿಗೆ ಮುಟ್ಟೋ ಹೊತ್ತಿಗೆ 0.44 ಸೆಕೆಂಡ್ ತಡ. ನಿಮಿಷಕ್ಕೆ 130 ಪೆಟ್ಟಿನ ಹಾಡಲ್ಲಿ ಒಂದು ಪೆಟ್ಟಿನ ಅವಧಿ 0.46 ಸೆಕೆಂಡ್. ಅಂದರೆ ಎದುರು ಬದಿಯವರು ಹೆಚ್ಚುಕಮ್ಮಿ ಇಡೀ ಪೆಟ್ಟು ಹಿಂದೆ! ಅದರ ಮೇಲೆ ರ‍್ಯಾಪ್ ಬೇರೆ. ನಿಧಾನದ ಆರ್ಗನ್ ಜೊತೆ ಹಾಡಿದರೆ ಈ ಎಳೆದಾಟ ಮುಚ್ಚಿಹೋಗುತ್ತೆ.

ಆಟಗಾರರ ಮೇಲಿನ ಹಾಡುಗಳ ಪಾಡು ಬೇರೆ. 1941ರಲ್ಲಿ ಬೇಸ್‌ಬಾಲ್ ಆಟಗಾರ ಜೋ ಡಿಮ್ಯಾಗಿಯೊ ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದಾಗ ಲೆಸ್ ಬ್ರೌನ್ ವಾದ್ಯವೃಂದ ಅವನ ಮೇಲೊಂದು ಹಾಡು ತಂತು. ದಾಖಲೆ ಇನ್ನೂ ಉಳಿದಿದೆ, ಹಾಡನ್ನು ಗ್ಯಾಲರಿಯಲ್ಲಿ ಯಾರೂ ಹಾಡಲ್ಲ. ಸುದ್ದಿಗೆ ಕಟ್ಟಿದ ಪದ ಸುದ್ದಿ ಹಳತಾದಾಗ ಸೊರಗುತ್ತೆ. ಸ್ಟೀವ್ ಗುಡ್‌ಮನ್ 1984ರಲ್ಲಿ ಬರೆದ ‘ಗೋ ಕಬ್ಸ್ ಗೋ’ದ ಪಲ್ಲವಿಯಲ್ಲಿ ಆಟಗಾರನ ಹೆಸರೇ ಇಲ್ಲ. ರಿಗ್ಲಿಯಲ್ಲಿ ತಂಡ ಗೆದ್ದಾಗಲೆಲ್ಲ ಇವತ್ತಿಗೂ ಅದನ್ನು ಹಾಕ್ತಾರೆ.

ನಮ್ಮಲ್ಲಿ ನಿಜಕ್ಕೂ ನಿಂತದ್ದು ಹಾಡಲ್ಲ, ಆರ್‌ಸಿಬಿ ಅಭಿಮಾನಿಗಳ ‘ಈ ಸಲ ಕಪ್ ನಮ್ದೇ’ ಕೂಗು. ‘ಈ ಸಲ’ ನಾಲ್ಕು ಮಾತ್ರೆ, ‘ಕಪ್ ನಮ್’ ನಾಲ್ಕು, ‘ದೇ’ ಎರಡು. ಉಳಿದೆರಡು ಮಾತ್ರೆ ಖಾಲಿ, ಚಪ್ಪಾಳೆ ಬೀಳೋದು ಅಲ್ಲಿ. ಇದಕ್ಕೊಂದು ಪಲ್ಲವಿ ಬೆಳೆಸೋದಾದರೆ ಸೋಬಾನೆ ಪದದ ದಾರಿಯೇ ಸರಿ: ಒಬ್ಬರು ಸಾಲು ಎತ್ತಿಕೊಡಬೇಕು, ಮಿಕ್ಕವರು ಸೊಲ್ಲು ಹಿಡಿಯಬೇಕು. 2024ರಲ್ಲಿ ಆರ್‌ಸಿಬಿ ಮಹಿಳಾ ತಂಡ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ‘ನಮ್ದೇ’ಯನ್ನು ‘ನಮ್ದು’ ಮಾಡಿದರು. ಅರ್ಥಕ್ಕೆ ಅದೇ ಸರಿ. ಆದರೆ ‘ದು’ ಹ್ರಸ್ವ, ಎಳೆಯೋಕೆ ಬರಲ್ಲ. ಕೂಗೋಕೆ ‘ದೇ’ನೇ ವಾಸಿ.