ದಿನಕ್ಕೊಂದು ಓವರ್ ಇಂಗ್ಲಿಷ್

2017ರ ಜುಲೈ 15, ಶನಿವಾರ ಸಂಜೆ. ಇಂಗ್ಲೆಂಡಿನ ಡರ್ಬಿಯಲ್ಲಿ ಮಹಿಳಾ ವಿಶ್ವಕಪ್ ಪಂದ್ಯ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಬರೀ 15 ರನ್ ಕೊಟ್ಟು 5 ವಿಕೆಟ್ ಕಿತ್ತರು, ನ್ಯೂಜಿಲೆಂಡ್ 79ಕ್ಕೆ ಗಂಟುಮೂಟೆ ಕಟ್ಟಿತು. ಊರಿನ ಹುಡುಗಿಯ ಬಗ್ಗೆ ಹೊರದೇಶದವರು ಏನಂತಾರೆ ಅನ್ನೋ ಆಸೆಗೆ ಅವತ್ತು ನಾನು ಮೊದಲ ಸಲ ಇಂಗ್ಲಿಷ್ ಕಾಮೆಂಟರಿಗೆ ಕಿವಿಗೊಟ್ಟೆ. ಅಲ್ಲಿವರೆಗೆ ಅದು ಆಟದ ಹಿಂದಿನ ಗದ್ದಲ, ಅಷ್ಟೇ. ‘ಫ್ಲೈಟ್’ ಅನ್ನೋ ಪದ ಕಿವಿಗೆ ಬಿತ್ತು. ನನಗೆ ಗೊತ್ತಿದ್ದ ಫ್ಲೈಟ್ ವಿಮಾನ. ಆದರೆ ಚೆಂಡು ಬ್ಯಾಟರ್ ಕಣ್ಣಿನ ಮಟ್ಟಕ್ಕಿಂತ ಮೇಲೆ ತೇಲಿ ಸಟ್ಟನೆ ಇಳಿಯೋದನ್ನ ನೋಡುತ್ತಿದ್ದಂತೆ ಅರ್ಥ ತಾನಾಗೇ ಹೊಳೆಯಿತು. ನಿಘಂಟು ತೆಗೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಆಗ ನನಗೆ ಮೂವತ್ನಾಲ್ಕು ವರ್ಷ.

ಅದಕ್ಕಿಂತ ಮುಂಚೆ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಫೀ ಕಟ್ಟಿದ್ದೆ. ಏಳನೇ ದಿನ ಎಬ್ಬಿಸಿ ನಿಲ್ಲಿಸಿದರು, ‘ನಿನ್ನೆ ಏನು ಮಾಡಿದಿರಿ, ಹೇಳಿ’ ಅಂದರು. ಸುತ್ತ ಕೂತಿದ್ದವರೆಲ್ಲ ಹದಿನೆಂಟು ಹತ್ತೊಂಬತ್ತರ ಹುಡುಗರು. ‘ವೆಂಟ್’ ಅನ್ನೋ ಜಾಗದಲ್ಲಿ ‘ಗೋ’ ಅಂದೆ. ನಕ್ಕಿದ್ದು ಹುಡುಗರಲ್ಲ, ಕಲಿಸುವವರು. ಮರುದಿನದಿಂದ ಹೋಗಲಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿ, ದುಡಿಮೆಗೆ ಬಿದ್ದು, ಮಕ್ಕಳಾದ ಮೇಲೆ ಇಂಗ್ಲಿಷ್ ಕಲಿಯಬೇಕು ಅನ್ನೋ ನಮ್ಮಂಥವರಿಗೆ ಅಡ್ಡ ನಿಲ್ಲೋದು ವ್ಯಾಕರಣ ಅಲ್ಲ, ನಾಚಿಕೆ. ಇದನ್ನ ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಆಟದ ಮುಂದೆ ಕೂತವನಿಗೆ ಆ ನಾಚಿಕೆ ಇಲ್ಲ. ಎಲ್‌ಬಿಡಬ್ಲ್ಯು ಅಂದರೇನು, ಸ್ಲಿಪ್ ಎಲ್ಲಿ ನಿಲ್ಲುತ್ತದೆ ಅನ್ನೋದು ನನಗೆ ಎಂಟನೇ ವರ್ಷಕ್ಕೇ ಗೊತ್ತು. ವಿಷಯ ನನ್ನದು, ಭಾಷೆಯಷ್ಟೇ ಹೊಸದು. ಕ್ಲಾಸಿನಲ್ಲಿ ಎರಡೂ ಹೊಸದು.

ನಾನು ಮಾಡಿದ್ದು ಇಷ್ಟು. ದಿನಕ್ಕೆ ಒಂದೇ ಓವರ್. ಮೊಬೈಲಿನಲ್ಲಿ ಹೈಲೈಟ್ಸ್ ಹಾಕಿ ಆರು ಬಾಲು ಕೇಳೋದು, ಹಳೇ ಲೆಕ್ಕದ ವಹಿಯಲ್ಲಿ ಆರು ವಾಕ್ಯ ಬರೆಯೋದು. ಕೇಳಿಸಿದ ಹಾಗೆ, ಕನ್ನಡ ಅಕ್ಷರದಲ್ಲೇ. ಆಮೇಲೆ ಸೌಂಡ್ ಬಂದ್ ಮಾಡಿ ಅದೇ ಓವರನ್ನ ನಾನೇ ಹೇಳೋದು. ನಾನು ಕೆಲಸ ಮಾಡೋದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ. ರಾತ್ರಿ ಪಾಳಿಯಲ್ಲಿ ಬಾಕ್ಸುಗಳ ಸಾಲಿನ ನಡುವೆ ಓಡಾಡುತ್ತ ಹೇಳುತ್ತಿದ್ದೆ, ಬಾಯಿಂದ ಹೊಗೆ ಬರುತ್ತಿತ್ತು.

ಶಾಲೆಯಲ್ಲಿ ‘ಈಗ ನಡೆಯುತ್ತಿದೆ’ ಅನ್ನೋದಕ್ಕೆ ‘ಇಸ್ ರನ್ನಿಂಗ್, ಇಸ್ ಈಟಿಂಗ್’ ಬಾಯಿಪಾಠ ಮಾಡಿಸಿದ್ದರು. ಕಾಮೆಂಟರಿಯಲ್ಲಿ ಕಣ್ಣೆದುರು ನಡೆಯೋದಕ್ಕೂ ‘ಶಿ ಬೌಲ್ಸ್, ಶಿ ಸ್ವೀಪ್ಸ್, ಶಿ ಮಿಸಸ್’. ಕೊನೆಯ ಆ ‘ಸ್’ ಎಷ್ಟೋ ವರ್ಷದ ಶಾಲೆಯಿಂದ ನನ್ನ ನಾಲಿಗೆಗೆ ಹತ್ತಿರಲಿಲ್ಲ, ಎರಡು ತಿಂಗಳ ಓವರುಗಳಿಂದ ಹತ್ತಿತು. ರಿಪ್ಲೇ ಬಂತೆಂದರೆ ಎಲ್ಲಾ ಭೂತಕಾಲ. ಇನ್ನು ರನೌಟ್ ಆದಾಗಲಂತೂ ನನಗೆ ಹಬ್ಬ. ‘ಇಫ್ ಹಿ ಹ್ಯಾಡ್ ಡೈವ್ಡ್, ಹಿ ವುಡ್ ಹ್ಯಾವ್ ಬೀನ್ ಸೇಫ್.’ ನಾವು ‘ಜಿಗಿದಿದ್ದರ ಉಳೀತಿದ್ದ’ ಅಂತ ಎರಡೇ ಮಾತಿನಲ್ಲಿ ಮುಗಿಸೋದಕ್ಕೆ ಅವರಿಗೆ ಅಷ್ಟೊಂದು ಸಹಾಯಕ ಕ್ರಿಯಾಪದ ಬೇಕು. ಅದನ್ನ ಬಿಡಿಸಿಕೊಳ್ಳೋಕೆ ನನಗೆ ಒಂದು ಮಳೆಗಾಲ ಹಿಡಿಯಿತು.

2019ರ ವಿಶ್ವಕಪ್ ಫೈನಲ್ ನೆನಪಿರಬೇಕು. ಇಂಗ್ಲೆಂಡ್, ನ್ಯೂಜಿಲೆಂಡ್ ಇಬ್ಬರದೂ 241, ಸೂಪರ್ ಓವರಿನಲ್ಲೂ ಇಬ್ಬರದೂ 15, ಕಡೆಗೆ ಬೌಂಡರಿ ಎಣಿಸಿ ಇಂಗ್ಲೆಂಡ್ ಗೆದ್ದಿತು. ಕಾಮೆಂಟರಿಯಲ್ಲಿದ್ದ ಇಯಾನ್ ಸ್ಮಿತ್ ‘ಬೈ ದ ಬೇರೆಸ್ಟ್ ಆಫ್ ಮಾರ್ಜಿನ್ಸ್’ ಅಂದರು. ನನ್ನ ಮಟ್ಟಿಗೆ ಮಾರ್ಜಿನ್ ಅಂದರೆ ನೋಟ್‌ಬುಕ್ಕಿನ ಎಡಗಡೆಯ ಕೆಂಪು ಗೆರೆ, ಇಲ್ಲವೇ ವ್ಯಾಪಾರದ ಲಾಭ. ಅವತ್ತು ಮೂರನೇ ಅರ್ಥ ಸಿಕ್ಕಿತು, ಗೆಲುವಿನ ಅಂತರ. ತಾವೂ ನ್ಯೂಜಿಲೆಂಡಿನವರೇ ಆಗಿ, ತಮ್ಮ ದೇಶ ಸೋತದ್ದನ್ನು ಆ ಮನುಷ್ಯ ಹೇಳುತ್ತಿದ್ದರಲ್ಲ, ಆ ದನಿ ಇನ್ನೂ ಕಿವಿಯಲ್ಲಿದೆ.

ಕ್ರಿಕೆಟ್ ಒಂದೇ ಸಾಲದು, ಅಲ್ಲಿನ ಪದ ಅಲ್ಲೇ ಸುತ್ತುತ್ತವೆ. ಹಾಗಾಗಿ ಆಮೇಲೆ ಟೂರ್ ಡಿ ಫ್ರಾನ್ಸ್ ಹಿಡಿದೆ. ವಿಜಯಪುರ, ಬಾಗಲಕೋಟೆಯವರಿಗೆ ಸೈಕಲ್ ರೇಸ್ ಏನೆಂದು ಹೇಳಿಕೊಡಬೇಕಾಗಿಲ್ಲ. ನಸುಕಿನಲ್ಲಿ ರಸ್ತೆಗಿಳಿಯುವ ಹುಡುಗ ಹುಡುಗಿಯರನ್ನ ನೋಡುತ್ತಲೇ ಬೆಳೆದವರು ನಾವು. ಮೂರು ವಾರ, 21 ಹಂತ, ದಿನಕ್ಕೆ ತಾಸುಗಟ್ಟಲೆ. ಅಷ್ಟು ಹೊತ್ತು ಬರೀ ರೇಸ್ ಬಗ್ಗೆ ಮಾತಾಡೋಕೆ ಆಗಲ್ಲ ನೋಡಿ, ಕಾಮೆಂಟೇಟರ್‌ಗಳು ಗಾಳಿ, ಗುಡ್ಡ, ಹಳ್ಳಿ, ಕೋಟೆ, ಸೂರ್ಯಕಾಂತಿ ಹೊಲ ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ. ಸೂರ್ಯಕಾಂತಿ ನಮ್ಮದೂ ಬೆಳೆ. ಅಡ್ಡಗಾಳಿ ಬೀಸಿದಾಗ ಸವಾರರು ಒಬ್ಬರ ಮರೆಗೆ ಒಬ್ಬರು ಓರೆಯಾಗಿ ಸಾಲುಗಟ್ಟೋದನ್ನ ನೋಡಿ ‘ಕ್ರಾಸ್‌ವಿಂಡ್’ ಕಲಿತೆ.

ಅಲ್ಲಿ ಗೆದ್ದವರ ಸಂದರ್ಶನಗಳನ್ನ ಕೇಳಿ. 2022, 2023ರಲ್ಲಿ ಗೆದ್ದ ಯೋನಸ್ ವಿಂಗೆಗೋ ಡೆನ್ಮಾರ್ಕಿನವರು, ಮೊದಲು ಮೀನಿನ ಕಾರ್ಖಾನೆಯಲ್ಲಿ ದುಡಿದವರು. ತದೆ ಪೊಗಾಚರ್ ಸ್ಲೊವೇನಿಯಾದವರು. ಇಬ್ಬರಿಗೂ ಇಂಗ್ಲಿಷ್ ಮನೆಮಾತಲ್ಲ. ಜಗತ್ತೇ ನೋಡುತ್ತಿರುವಾಗ ಸರಳ ಪದದಲ್ಲಿ ತಮ್ಮ ಮಾತು ಹೇಳಿ ಎದ್ದು ಹೋಗುತ್ತಾರೆ. ಇಂಗ್ಲಿಷ್ ಸಿನಿಮಾ ನೋಡಿ ಕಲಿಯಿರಿ ಅನ್ನೋ ಸಲಹೆ ಬಹಳ ಜನ ಕೊಡುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಸಿನಿಮಾದಲ್ಲಿ ಮಾತು ತಪ್ಪಿದರೆ ಕಥೆಯೇ ತಪ್ಪುತ್ತದೆ. ‘ಇಂಗ್ಲಿಷಿನಲ್ಲೇ ಯೋಚಿಸಿ’ ಅನ್ನೋದನ್ನೂ ಒಪ್ಪಲ್ಲ. ನಾನು ಯೋಚಿಸೋದು ಕನ್ನಡದಲ್ಲೇ, ಹೈಲೈಟ್ಸ್ ಸಹ ಮೊದಲು ಕನ್ನಡ ಕಾಮೆಂಟರಿಯಲ್ಲಿ ಕೇಳಿ ಆಮೇಲೆ ಇಂಗ್ಲಿಷಿನಲ್ಲಿ ಕೇಳುತ್ತೇನೆ. ಪತ್ರ ಬರೆಯೋದನ್ನ ಮಾತ್ರ ಆಟ ಕಲಿಸಲ್ಲ, ಅದಕ್ಕೆ ಬೇರೆ ದಾರಿಯೇ ಬೇಕು.

ಹೋದ ವರ್ಷ ದಿಲ್ಲಿಯ ಖರೀದಿದಾರರೊಬ್ಬರ ಫೋನ್. ಮಾಲಿಕರು ಊರಲ್ಲಿರಲಿಲ್ಲ. ಮಾಲಿನಲ್ಲಿ ತೇವ ಜಾಸ್ತಿ ಇದೆ ಅಂತ ಅವರ ತಕರಾರು. ನನ್ನ ಬಾಯಿಂದ ಬಂತು: ‘ಇಫ್ ವಿ ಹ್ಯಾಡ್ ಡ್ರೈಡ್ ಇಟ್ ಟೂ ಮೋರ್ ಡೇಸ್, ದ ಕಲರ್ ವುಡ್ ಹ್ಯಾವ್ ಗಾನ್.’ ಇನ್ನೆರಡು ದಿನ ಒಣಗಿಸಿದ್ದರೆ ಬಣ್ಣವೇ ಹೋಗುತ್ತಿತ್ತು ಅಂತ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ರೇಟಿನ ಮಾತು ಶುರುವಾಯಿತು. ಫೋನ್ ಇಟ್ಟ ಮೇಲೆ ಅದು ರನೌಟಿನ ವಾಕ್ಯ ಅಂತ ನೆನಪಾಗಿ ಕಣ್ಣು ತುಂಬಿತು.

ಈಗ ಭಾನುವಾರ ನಾವು ನಾಲ್ವರು ಸೇರುತ್ತೇವೆ. ಕಿರಾಣಿ ಅಂಗಡಿಯವರೊಬ್ಬರು, ಒಬ್ಬ ಆಟೋ ಡ್ರೈವರ್, ಹೊಲಿಗೆ ಮಾಡುವ ಅಕ್ಕ, ನಾನು. ಸೌಂಡ್ ಇಲ್ಲದ ಮೊಬೈಲ್ ನಡುವೆ ಇಟ್ಟು ಒಬ್ಬರಿಗೆ ಒಂದು ಓವರ್. ಮೊನ್ನೆ ಅಕ್ಕ ಮೊದಲ ಸಲ ಇಡೀ ಓವರ್ ಹೇಳಿದರು. ಐದನೇ ಬಾಲಿಗೆ ಮಾತು ಸಿಗಲಿಲ್ಲ. ವಿಡಿಯೋ ನಿಲ್ಲಿಸಿ ನಾವು ಮೂವರೂ ಕಾದೆವು. ‘ಶಿ… ಲೀವ್ಸ್ ಇಟ್’ ಅಂದರು.