ಐದು ಬತ್ತಿ, ಹನ್ನೊಂದು ಗಣ್ಯರು

ಮಲೆನಾಡಿನಲ್ಲಿ ಆಷಾಢ ಮಾಸದಲ್ಲಿ ಯಾರೂ ಬೆಳಕಿನ ಬಗ್ಗೆ ಭಾಷಣ ಇಟ್ಟುಕೊಳ್ಳಬಾರದು. ನಮ್ಮೂರವರು ಇಟ್ಟುಕೊಂಡರು. ‘ಧರ್ಮದಲ್ಲಿ, ಕಾವ್ಯದಲ್ಲಿ ಬೆಳಕು’ ಅಂತ ಬ್ಯಾನರ್. ಹೊರಗೆ ಜಡಿಮಳೆ.

ಮೊದಲು ಪ್ರಾರ್ಥನೆ, ‘ಕರುಣಾಳು ಬಾ ಬೆಳಕೆ’. ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ ಬರೆದ ಇಂಗ್ಲಿಷ್ ಪ್ರಾರ್ಥನೆಯನ್ನು ಬಿ.ಎಂ.ಶ್ರೀ. ಕನ್ನಡಕ್ಕೆ ತಂದದ್ದು. ಕಾಯಿಲೆಯಿಂದ ಎದ್ದು ಹಡಗಿನಲ್ಲಿ ಊರಿಗೆ ಹೊರಟಿದ್ದ ಮನುಷ್ಯ ಈ ನ್ಯೂಮನ್. ಕೇಳಿದ್ದು ಒಂದು ಹೆಜ್ಜೆಗೆ ಆಗುವಷ್ಟು ಬೆಳಕು, ಅಷ್ಟೇ. ನಮ್ಮ ವೇದಿಕೆಯವರ ಬೇಡಿಕೆ ಸ್ವಲ್ಪ ಜಾಸ್ತಿ. ಅವರಿಗೆ ಫೋಟೋಗೆ ಆಗುವಷ್ಟು ಬೇಕು.

ಕಾಲುದೀಪಕ್ಕೆ ಐದು ಬತ್ತಿ. ವೇದಿಕೆ ಮೇಲೆ ಹನ್ನೊಂದು ಗಣ್ಯರು. ಹಿರಿಯರೊಬ್ಬರು ಮೊದಲ ಬತ್ತಿಗೆ ಮೇಣದಬತ್ತಿ ಹಿಡಿದರು. ಹಿಂದಿದ್ದವರು ಅವರ ಮೊಣಕೈ ಹಿಡಿದರು, ಅವರ ಹಿಂದಿನವರು ಇವರ ಶಾಲು ಹಿಡಿದರು. ಹೀಗೆ ಮುಟ್ಟಿದವರೆಲ್ಲ ದೀಪ ಬೆಳಗಿಸಿದ ಹಾಗೆ ಲೆಕ್ಕ. ಬತ್ತಿ ಮಾತ್ರ ಹತ್ತಲಿಲ್ಲ. ಥಂಡಿಗೆ ಬೆಂಕಿಪೊಟ್ಟಣವೂ ಮೆತ್ತಗಾಗಿತ್ತು. ಗೀರಿದರೆ ಮದ್ದು ಉದುರುತ್ತದೆ, ಕಿಡಿ ಇಲ್ಲ. ಕೊನೆಗೆ ಕುರ್ಚಿ ಜೋಡಿಸುವ ಹುಡುಗ ಬಂದ. ಬತ್ತಿಯ ತುದಿಗೆ ಕರ್ಪೂರದ ಪುಡಿ ಒತ್ತಿ, ಗೂಡಂಗಡಿಯಿಂದ ತಂದ ಲೈಟರ್ ಹೊತ್ತಿಸಿದ. ಐದೂ ಉರಿದವು. ‘ಗಣ್ಯರು ಜ್ಯೋತಿ ಬೆಳಗಿಸಿದರು’ ಎಂದು ಮೈಕು ಹೇಳಿತು. ಹುಡುಗನಿಗೆ ‘ಪಕ್ಕಕ್ಕೆ ನಿಲ್ಲೋ, ಫ್ರೇಮಿಗೆ ಬರ್ತೀಯ’ ಅಂದ ಫೋಟೋದವನು. ಆಮೇಲೆ, ‘ಸಾರ್, ಕಣ್ಣು ಮುಚ್ಚಿದ್ರಿ, ಇನ್ನೊಂದ್ಸಲ ಹಚ್ಚಿ.’ ಒಬ್ಬರು ಉಫ್ ಅಂತ ಊದೇ ಬಿಟ್ಟರು.

ನಮ್ಮಜ್ಜಿ ಇದ್ದಿದ್ದರೆ ಬೆನ್ನಿಗೆ ಬಿಡುತ್ತಿದ್ದರು. ಅವರ ಬಾಯಲ್ಲಿ ದೀಪ ‘ಆರುತ್ತಲೇ’ ಇರಲಿಲ್ಲ, ‘ಶಾಂತ’ ಆಗುತ್ತಿತ್ತು.

ಭಾಷಣ ಶುರುವಾಯಿತು. ‘ತಮಸೋ ಮಾ ಜ್ಯೋತಿರ್ಗಮಯ’ ಆಯಿತು. ಎಣ್ಣೆ ಬೇರೆ, ಬತ್ತಿ ಬೇರೆ, ಎರಡೂ ಕೂಡಿ ಸೊಡರಾಯಿತು ಎಂದ ಅಲ್ಲಮನೂ ಬಂದ. ಅಲ್ಲಮ ನಮ್ಮ ಬಳ್ಳಿಗಾವಿಯವನೇ, ಅದನ್ನು ಹೆಮ್ಮೆಯಿಂದ ಮೂರು ಸಲ ಹೇಳಿದರು. ಎಣ್ಣೆ ಯಾರದು, ಬತ್ತಿ ಯಾರದು, ಅದನ್ನು ಕೇಳಲಿಲ್ಲ. ದೀಪಾವಳಿಯಲ್ಲಿ ನಮ್ಮ ಕಡೆ ಅಂಟಿಕೆ-ಪಂಟಿಕೆಯವರು ರಾತ್ರಿಯಿಡೀ ದೀಪ ಹಿಡಿದು ಮನೆಮನೆಗೆ ಬರುತ್ತಾರಲ್ವಾ, ಆಗ ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಎರೆಯುತ್ತಾರೆ. ಆ ದೀಪಕ್ಕೆ ಮುಖ್ಯ ಅತಿಥಿ ಇರುವುದಿಲ್ಲ.

‘ಅಜ್ಞಾನದ ಕತ್ತಲೆಯನ್ನು’ ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು.

ಜೋಗದಲ್ಲಿ ವಿದ್ಯುತ್ ಹುಟ್ಟಲು ಶುರುವಾಗಿದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿಗೆ ಹೋಯಿತು. ಬೆಂಗಳೂರಿಗೆ ಬೆಳಕು ಹೋಯಿತು. ಮುಳುಗಡೆಯವರಲ್ಲಿ ಎಷ್ಟೋ ಮಂದಿ ಎಷ್ಟೋ ವರ್ಷ ಚಿಮಣಿ ಬುಡ್ಡಿ ಹಚ್ಚಿಕೊಂಡು, ತಲೆಯ ಮೇಲೆ ಹಾದುಹೋಗುವ ದಪ್ಪ ತಂತಿ ನೋಡುತ್ತ ಕೂತರು. ಇದನ್ನು ಬೆಳಕಿನ ಸಂಕೇತ ಅನ್ನಬೇಕೋ, ಬಿಲ್ಲು ಅನ್ನಬೇಕೋ ಗೊತ್ತಿಲ್ಲ. ಭಾಷಣದಲ್ಲಂತೂ ಬರಲಿಲ್ಲ.

ಸಭೆ ಕತ್ತಲಲ್ಲೇ ಮುಂದುವರಿಯಿತು. ಕಾಲುದೀಪ ಹಚ್ಚೋಣ ಅಂದರೆ ಲೈಟರ್ ಗೂಡಂಗಡಿಗೆ ವಾಪಸು ಹೋಗಿತ್ತು. ನಾನು ಮೊಬೈಲ್ ಟಾರ್ಚ್ ಹಾಕಿಕೊಂಡು ಚಪ್ಪಲಿ ಹುಡುಕಲು ಹೊರಟೆ. ಒಂದು ಹೆಜ್ಜೆಗೆ ಸಾಕಾಗುವಷ್ಟಿತ್ತು.

ಜಗುಲಿಯಿಂದ ಕಂಡಿತು: ಲೈನಿನ ಮೇಲೆ ಅಕೇಶಿಯಾ ಕೊಂಬೆ ಬಿದ್ದಿದೆ, ರೇನ್‌ಕೋಟಿನ ಲೈನ್‌ಮನ್ ಕಂಬದ ಮೇಲಿದ್ದಾನೆ, ಕೆಳಗೊಬ್ಬ ಏಣಿ ಹಿಡಿದಿದ್ದಾನೆ. ಇಬ್ಬರ ಹೆಗಲ ಮೇಲೂ ಶಾಲಿಲ್ಲ. ಕೊಂಬೆ ಬಿತ್ತು. ಅವನು ಇಳಿದು ಬಂದು ಫೋನು ಮಾಡಿದ. ಐದು ನಿಮಿಷಕ್ಕೆ ದೀಪ ಬಂತು.

ಒಳಗೆ ಜೋರು ಚಪ್ಪಾಳೆ. ಭಾಷಣಕಾರರು ಕೈಮುಗಿದು, ‘ನಿಮ್ಮ ಅಭಿಮಾನಕ್ಕೆ ಋಣಿ. ಇನ್ನು ಎರಡೇ ಮಾತು’ ಅಂದರು.